ಕಾಕಾ ತಿಂದ ಸಕ್ಕರೆ

ನಮ್ಮ ಕಾಕಾನಿಗೆ ಇಂಗ್ಲಿಷಿನಲ್ಲಿ ಪ್ರೀತಿಯ ಪದ ಒಂದೇ: ಇಂಪ್ರೂಡೆಂಟ್. ಮುಂದೇನಾದೀತು ಎಂದು ಯೋಚಿಸದವರು, ವಿವೇಕವಿಲ್ಲದವರು ಎಂದರ್ಥ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅವರು ಅದನ್ನು ಪ್ರಸಾದದಂತೆ ಹಂಚುತ್ತಿದ್ದರು. ಛತ್ರಿ ಮರೆತು ಸಂತೆಗೆ ಹೋದ ಅವ್ವ ಇಂಪ್ರೂಡೆಂಟ್. ಮಳೆಗಾಲದಲ್ಲಿ ಸುಣ್ಣ ಹೊಡೆಸಿದ ಬಾಜೂ ಮನೆಯವರು ಇಂಪ್ರೂಡೆಂಟ್. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಾನು ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ. ನನಗಂತೂ ಎರಡೆರಡು ಸಲ ಸಿಗುತ್ತಿತ್ತು. ಪದದ ಅರ್ಥ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದು ತಮಗೂ ಹತ್ತೀತು ಎಂಬುದಷ್ಟೇ ಗೊತ್ತಿರಲಿಲ್ಲ.

ಹೋದ ವರ್ಷ ಖಾನಾಪುರದ ಸಂಬಂಧ ಬಂತು. ಹುಡುಗ ನನಗೆ ಹಿಡಿಸಿದ್ದ, ಸುಳ್ಳೇಕೆ ಹೇಳಲಿ. ಅಪ್ಪ ಇಲ್ಲದ್ದರಿಂದ ಹಿರಿಯರಾಗಿ ಕಾಕಾ ಅವರ ಮನೆ ನೋಡಲು ಹೊರಟರು. ಬಾಗಿಲಿಗೆ ಅಡ್ಡ ನಿಂತೆ.

"ಕಾಕಾ, ಒಂದ ಮಾತ ಕೇಳ್ಕೊಂಡ ಬರ್ರಿ. ಲಗ್ನ ಆದಮ್ಯಾಲೂ ನಾ ಬೆಳಗಾವಿ ಕಾಲೇಜಿಗೆ ಬರಾಕ ಅವರು ಒಪ್ಪತಾರೇನು? ಅದನ್ನ ಕೇಳದ ಏನೂ ಒಪ್ಪಬ್ಯಾಡ್ರಿ."

"ನನಗ ಕಲಸ್ತೀಯೇನ? ನಾ ಇಂಪ್ರೂಡೆಂಟ್ ಅದೀನೇನ?" ಎಂದರು.

ನಮ್ಮಲ್ಲಿ ಮಾತು ಕೂಡಿತೆಂದರೆ ಸಕ್ಕರೆ ಕೊಡುತ್ತಾರೆ. ಬಾಯಿಗೆ ಹಾಕಿಕೊಂಡರೆ ಒಪ್ಪಿದಂತೆ. ಆಮೇಲೆ ಪ್ರಶ್ನೆ ಎತ್ತಿದರೆ ಬೀಗರಿಗೆ ಅವಮಾನ. ಇದು ಸಣ್ಣ ಕೂಸಿಗೂ ಗೊತ್ತು. ಕಾಕಾನಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಅವ್ವ ಡಬ್ಬಿ ಬಚ್ಚಿಡುತ್ತಿದ್ದಳು. ಖಾನಾಪುರದಲ್ಲಿ ಇವರು ಹೋಗಿ ಕೂತ ಕೂಡಲೇ ಹುಡುಗನ ತಾಯಿ ಸಕ್ಕರೆ ಬಟ್ಟಲು ಮುಂದೆ ಹಿಡಿದರಂತೆ. ಕಾಕಾ ಮುಕ್ಕಿಬಿಟ್ಟರು. ನನ್ನ ಪ್ರಶ್ನೆಯೂ ಅದರ ಜೊತೆ ಹೊಟ್ಟೆಗೆ ಹೋಯಿತು.

ಸಂಜೆ ಬಂದು, "ಎಲ್ಲಾ ಪಕ್ಕಾ ಆತು. ನೌಕರಿ ಮಾತ ಆಮ್ಯಾಲೆ ನೋಡೂಣು," ಎಂದರು. ನನಗೆ ಮೈಯೆಲ್ಲ ಉರಿಯಿತು. ಹುಡುಗನ ತಾಯಿಗೆ ನಾನೇ ಫೋನ್ ಮಾಡಿ ಕೇಳಿದೆ.

"ಮನಿ ಸೊಸಿಗೆ ನೌಕರಿ ಯಾಕವ್ವಾ? ನಿಮ್ಮ ಕಾಕಾರು ಸಕ್ಕರಿ ತಿಂದ ಹೋಗ್ಯಾರಲ್ಲ."

"ಕಾಕಾ ತಿಂದಾರ್ರಿ. ನಾ ತಿಂದಿಲ್ಲ," ಎಂದು ಫೋನ್ ಇಟ್ಟೆ.

ಕಾಕಾ ಕುರ್ಚಿಯಿಂದಲೇ ನನ್ನ ಕಡೆ ಬೆರಳು ಮಾಡಿ, "ಇಂಪ್ರೂಡೆಂಟ್!" ಎಂದರು. ಅವ್ವನೂ ಗೋಣು ಹಾಕಿದಳು.

ಮುಂದೆ ಒಂದು ದಿನ ತರಗತಿಯಲ್ಲಿ ಈ ಪದ ಬಂತು. ಯಾರದೋ ಮನೆಯ ಕಥೆ ಎಂಬಂತೆ ಸಕ್ಕರೆಯ ಪ್ರಸಂಗ ಹೇಳಿ, ಇದರಲ್ಲಿ ಇಂಪ್ರೂಡೆಂಟ್ ಯಾರು ಎಂದು ಕೇಳಿದೆ. "ಆ ಹುಡುಗಿನ ರೀ," ಎಂದು ಹುಡುಗರೆಲ್ಲ ಒಂದೇ ದನಿಯಲ್ಲಿ ಕೂಗಿದರು. ಹುಡುಗಿಯರು ನನ್ನ ಮುಖ ನೋಡುತ್ತಿದ್ದರು.