ಇಪ್ಪತ್ತೊಂದು ಒಂದುಗಳು

ಶಾಲಾ ಮಕ್ಕಳ ಗಣಿತ ಪ್ರದರ್ಶನಕ್ಕೆಂದು ನಾಗಮಂಗಲದಿಂದ ಕೆ.ಆರ್. ಪೇಟೆ ಬಸ್ಸು ಹತ್ತಿದ್ದೆ. ತೊಡೆಯ ಮೇಲೆ ಉದ್ದನೆಯ ಚಾರ್ಟು. ಅದರಲ್ಲಿ ಸಾಲಾಗಿ ಬರೀ ಒಂದುಗಳು. ಮೇಲೆ ನನ್ನದೇ ದಪ್ಪಕ್ಷರದ ತಲೆಬರಹ: ‘ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಮಹಾಸಂಖ್ಯೆ.’

ಪಕ್ಕದಲ್ಲಿ ಕೂತಿದ್ದವರು ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಎಣಿಸುವ ಯಜಮಾನರು. ಚಾರ್ಟಿನ ಮೇಲೆ ಬೆರಳಾಡಿಸುತ್ತಾ ಕೊನೆಯವರೆಗೂ ಹೋದರು.

“ಭಾಗ ಆಯ್ತದೆ ಕಣ್ ಮೇಷ್ಟ್ರೆ. ಮಂಡೀಲಿ ಒಂದ್ಸಲುಕ್ಕೆ ಮೂರು ಕಾಯಿ ಎತ್ತೋ ಅಂಗೆ ಎತ್ಕಂಡ್ ಬಂದೆ. ಏಳು ಸಲುಕ್ಕೆ ಮುಗುದೋಯ್ತು, ಒಂದೂ ಉಳೀನಿಲ್ಲ.”

ಎಣಿಸಿದೆ. ಹತ್ತೊಂಬತ್ತು ಒಂದುಗಳಿರಬೇಕಿತ್ತು; ಬರೆಯುವ ಉಮೇದಿನಲ್ಲಿ ಇಪ್ಪತ್ತೊಂದು ಹಾಕಿದ್ದೆ. ನೂರಹನ್ನೊಂದು ಏಳು ಸಲ ಸಾಲಾಗಿ ಕೂತಿತ್ತು. ನೂರಹನ್ನೊಂದರಿಂದ ಭಾಗಿಸಿದರೆ ಶೇಷವೇ ಇಲ್ಲ. ನನಗೆ ನಗು ತಡೆಯಲಾಗಲಿಲ್ಲ.

“ಎರಡು ಜಾಸ್ತಿ ಬರೆದಿದ್ದೀನಿ ಯಜಮಾನ್ರೆ,” ಎಂದೆ.

“ಅಷ್ಟೇ ತಾನೆ, ಕತ್ತರ್ಸಾಕ್ಬುಡಿ,” ಎಂದು ಸಂತೆಬಾಚಹಳ್ಳಿಯಲ್ಲಿ ಇಳಿದರು.

ಕತ್ತರಿ ಚೀಲದಲ್ಲೇ ಇತ್ತು. ಕತ್ತರಿಸಿದ್ದು ಮಾತ್ರ ತಲೆಬರಹವನ್ನು. ‘ಇದನ್ನು ಭಾಗಿಸಿ ನೋಡೋಣ’ ಎಂದು ಬೇರೆ ಬರೆದು ಅಂಟಿಸಿದೆ. ಪ್ರದರ್ಶನದಲ್ಲಿ ಮಕ್ಕಳೆಲ್ಲ ಮುಗಿಬಿದ್ದು ಮೂರು ಮೂರಾಗಿ ಎಣಿಸಿದರು. ಹತ್ತೊಂಬತ್ತೇ ಇದ್ದಿದ್ದರೆ ನನ್ನ ಮಾತು ನಂಬಿ ಮುಂದಿನ ಚಾರ್ಟಿಗೆ ಹೋಗುತ್ತಿದ್ದರು.