ಒಂಬತ್ತು ಬೇಸಿಗೆ ಹೊರಟ ನಂಜುಂಡಯ್ಯನವರು

ಮೇಷ್ಟರಿಗಿಂತ ಮೇಷ್ಟರ ಗಂಟೇ ಹೆಚ್ಚು ಊರು ತಿರುಗಿದೆ ಎಂದು ಒಂಟಿಕೊಪ್ಪಲಿನ ಕೊನೆಯ ಬೀದಿಯವರು ಹೇಳುತ್ತಿದ್ದರು. ಆ ಗಂಟು ತಿರುಗಿದ್ದಾದರೂ ಎಷ್ಟು ದೂರ ಅಂತೀರಿ? ನಾಲ್ಕು ಮನೆಯಾಚೆಗೆ ಹೋಗುತ್ತಿತ್ತು, ಐದು ದಿನ ಇರುತ್ತಿತ್ತು, ವಾಪಸ್ಸು ಬರುತ್ತಿತ್ತು. ಮೇಷ್ಟರು ಅಷ್ಟೂ ಹೋಗಲಿಲ್ಲವಲ್ಲ ಎಂಬುದು ಬೀದಿಯವರ ದೂರು. ಎದುರು ಮನೆಯ ಶಾಂತಾದೇವಿಯವರಂತೂ ಮಗ ಹಟ ಮಾಡಿದಾಗಲೆಲ್ಲ, "ಸುಮ್ನಿರೋ, ಮೇಷ್ಟ್ರು ಸಮುದ್ರಕ್ಕೆ ಹೋಗೋ ದಿನ ನಿನ್ನೂ ಜೊತೇಲಿ ಕಳಿಸ್ತೀನಿ" ಎನ್ನುತ್ತಿದ್ದರು. ಮಗ ಬೆಳೆದು ಮಿಡ್ಲ್ ಸ್ಕೂಲಿಗೆ ಹೋದ, ಅದೇ ಮೇಷ್ಟರ ಕೈಯಲ್ಲಿ ಸಮುದ್ರದ ಪಾಠ ಕಲಿತ, ಪಾಸೂ ಆದ. ಮೇಷ್ಟರು ಇನ್ನೂ ಹೊರಡುತ್ತಲೇ ಇದ್ದರು.

ಮೇಷ್ಟರೆಂದರೆ ನಂಜುಂಡಯ್ಯನವರು, ಭೂಗೋಳದ ಮೇಷ್ಟರು. ಇಪ್ಪತ್ತೆಂಟು ವರ್ಷ ಗೋಡೆಗೆ ಭೂಪಟ ನೇತುಹಾಕಿ, ಬೆತ್ತದ ತುದಿಯಲ್ಲಿ ಕೊಡಗಿನ ಬೆಟ್ಟ ಹತ್ತಿ, ಆಚೆ ಕಡೆ ಇಳಿದು, ಅರಬ್ಬೀ ಸಮುದ್ರದಲ್ಲಿ ಬೆತ್ತ ಅದ್ದಿ ತೆಗೆದವರು. ಸ್ವತಃ ಅವರು ಪಡುವಣಕ್ಕೆ ಹೋಗಿದ್ದು ಇಲವಾಲದವರೆಗೆ. ಅದೂ ಒಂದು ಮದುವೆಗೆ. ಊಟ ತಡವಾಯಿತೆಂದು ಹಸಿದುಕೊಂಡೇ ಮನೆಗೆ ಬಂದಿದ್ದರು.

ಆದರೆ ಅವರ ಯೋಜನೆ ನೋಡಬೇಕಿತ್ತು. ಸ್ಕೂಲಿನಲ್ಲಿ ಹರಿದು ಮೂಲೆಗೆ ಬಿದ್ದಿದ್ದ ದೊಡ್ಡ ಭೂಪಟವೊಂದನ್ನು ಕೇಳಿ ತಂದು, ಹಿಂದೆ ಬಟ್ಟೆ ಅಂಟಿಸಿ, ಮಾರ್ಚಿ ತಿಂಗಳು ಹುಟ್ಟಿತೆಂದರೆ ನಡುಮನೆಯಲ್ಲಿ ಹಾಸುತ್ತಿದ್ದರು. ಹೆಂಡತಿ ವೇದವತಿ ಅಡಿಗೆಮನೆಯಿಂದ ಹಜಾರಕ್ಕೆ ಬರಬೇಕಾದರೆ ಬಯಲುಸೀಮೆ ಬಳಸಿಕೊಂಡೇ ಬರಬೇಕು. ಒಂದು ವರ್ಷ ಆಕೆ ಸಿಟ್ಟಿಗೆ ಅದರ ಮೇಲೆಯೇ ಸಂಡಿಗೆ ಒಣಹಾಕಿದರು. ಆಗುಂಬೆಯ ಮೇಲೆ ಆ ಕಲೆ ಕೊನೆಯವರೆಗೂ ಉಳಿಯಿತು.

ಪ್ರಯಾಣ ಬೈಸಿಕಲ್ಲಿನ ಮೇಲೆ. ಹುಣಸೂರು, ಪಿರಿಯಾಪಟ್ಟಣ, ಮಡಿಕೇರಿ; ಅಲ್ಲಿಂದ ಸಂಪಾಜೆ ಘಾಟಿ ಇಳಿದು ಪುತ್ತೂರು, ಮಂಗಳೂರು. ಸಮುದ್ರಕ್ಕೆ ಕಾಲು ಕೊಟ್ಟು, ದಡ ಹಿಡಿದು ಬಡಗಲಾಗಿ ಉಡುಪಿಗೆ. ನಡುವೆ ಹೊಳೆ ಬಂದಲ್ಲಿ ಬೈಸಿಕಲ್ಲನ್ನು ದೋಣಿಗೆ ಹಾಕುವುದು, ಮರಳು ಬಂದಲ್ಲಿ ಹೆಗಲಿಗೆ ಹಾಕುವುದು. ಆಮೇಲೆ ಆಗುಂಬೆ ಘಾಟಿಯನ್ನು ತಳ್ಳಿಕೊಂಡು ಹತ್ತಿ, ತೀರ್ಥಹಳ್ಳಿ, ಚಿಕ್ಕಮಗಳೂರು, ಹಾಸನದ ಮೇಲೆ ಮನೆಗೆ. ಒಟ್ಟು ಇಪ್ಪತ್ತೆಂಟು ದಿನ. ರೋಹಿಣಿ ಮಳೆ ಹಿಡಿಯುವ ಮೊದಲೇ ಒಳಗೆ ಬಂದಿರಬೇಕು. ಘಾಟಿ ಇಳಿಯುವಾಗ ಬ್ರೇಕು ಸಾಲದೆ ಹೋದರೆ ಎಂದು ಹಿಂದೆ ಒಂದು ಮರದ ಕೊಂಬೆ ಕಟ್ಟಿ ಎಳೆದುಕೊಂಡು ಇಳಿಯುವುದು ಎಂದೂ ಪಟ್ಟಿಯಲ್ಲಿ ಬರೆದಿಟ್ಟಿದ್ದರು. ಯಾವ ಮರದ ಕೊಂಬೆ ಎನ್ನುವುದರಲ್ಲಿ ಒಂದು ವರ್ಷ ಕಳೆಯಿತು.

ಜೊತೆಗಾರ ಇನ್ನಾಸಪ್ಪ. ದೇವರಾಜ ಮಾರುಕಟ್ಟೆಯ ಹಿಂದೆ ಬೈಸಿಕಲ್ ರಿಪೇರಿ ಅಂಗಡಿ ಇಟ್ಟವನು. ಅವನ ಮನೆ ಬೀದಿಯ ತುದಿಗೆ, ಪಡುವಣ ಅಂಚಿಗೆ. ಆಚೆಗೆ ಹೂಟಗಳ್ಳಿಯ ಕಡೆಯ ಹೊಲಗಳು. ಸಿಕ್ಕಿದ ಬಿಡಿಭಾಗ ಕೂಡಿಸಿ ಅವನು ಎರಡು ಬೈಸಿಕಲ್ಲು ಮಾಡಿದ್ದ, ಈ ಪ್ರಯಾಣಕ್ಕೆಂದೇ. ತಮ್ಮ ಪಾಸ್ಕ ಹಬ್ಬ, ಎಂದರೆ ಈಸ್ಟರ್, ಮುಗಿದ ಮಾರನೆಯ ದಿನ ಅವಕ್ಕೆ ಎಣ್ಣೆ ಬಿಟ್ಟು, ಚೈನು ಬಿಗಿಮಾಡಿ, ಗೋಡೆಗೆ ಒರಗಿಸಿ ಕಾಯುತ್ತಿದ್ದ. ಎಂಟು ಬೇಸಿಗೆ ಹೀಗೆ ಕಾದ.

ಈಗ ಗಂಟಿನ ವಿಷಯ ಹೇಳಬೇಕು. ಒಳ್ಳೆಯ ಮುಹೂರ್ತ ಬಂತು, ಆದರೆ ಆ ಗಳಿಗೆಗೆ ನಾವು ಹೊರಡುವುದಕ್ಕಾಗದು. ಆಗ ನಮ್ಮ ಬದಲಿಗೆ ನಮ್ಮದೊಂದು ಗಂಟನ್ನು ಹೊರಡಿಸುವುದುಂಟು. ಹೋಗಬೇಕಾದ ದಿಕ್ಕಿನಲ್ಲಿರುವ ಒಂದು ಮನೆಯಲ್ಲಿ ಅದನ್ನು ಇಟ್ಟು ಬಂದರೆ ಪ್ರಯಾಣ ಶುರುವಾದಂತೆಯೇ. ಇದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಐದು ದಿನದೊಳಗೆ ಹೊರಟು ಗಂಟನ್ನು ಎತ್ತಿಕೊಂಡು ಮುಂದೆ ಹೋಗಬೇಕು. ಹೊರಡಲಿಲ್ಲವೋ, ಗಂಟನ್ನು ಮನೆಗೆ ತಂದು ಬಿಚ್ಚಿದರಾಯಿತು, ಪ್ರಯಾಣ ರದ್ದು.

ಮಂಗಳೂರು ಪಡುವಣಕ್ಕೆ, ಬೀದಿಯಲ್ಲಿ ಪಡುವಣದ ಮನೆ ಇನ್ನಾಸಪ್ಪನದು. ಕ್ರೈಸ್ತರ ಮನೆಯಲ್ಲಿ ಪ್ರಸ್ಥಾನ ಇಡುವುದೇ ಎಂದು ಮೂಗು ಮುರಿದವರಿಗೆ ನಂಜುಂಡಯ್ಯನವರು, "ಶಾಸ್ತ್ರದಲ್ಲಿ ದಿಕ್ಕು ಹೇಳಿದೆ ಕಣ್ರೀ, ಜಾತಿ ಹೇಳಿಲ್ಲ" ಎನ್ನುತ್ತಿದ್ದರು. ಹೆಗಲ ಮೇಲೆ ಹೊದೆಯುವ ತಮ್ಮ ಹಳೆಯ ವಲ್ಲಿಯಲ್ಲಿ ಒಂದು ಸೇರು ಅಕ್ಕಿ, ಒಂದು ಅರಿಶಿನದ ಕೊಂಬು, ಎರಡು ಅಡಿಕೆ ಕಟ್ಟಿಕೊಂಡು ಗಂಭೀರವಾಗಿ ನಾಲ್ಕು ಮನೆ ನಡೆಯುತ್ತಿದ್ದರು. ಇನ್ನಾಸಪ್ಪನ ಹೆಂಡತಿ ಸೂಸಮ್ಮ ಅದನ್ನು ತೆಗೆದುಕೊಂಡು ಮಾತೆಯ ಪಟದ ಕೆಳಗಿನ ಗೂಡಿನಲ್ಲಿ ಇಡುತ್ತಿದ್ದಳು. ಐದನೆಯ ದಿನ ಮೇಷ್ಟರು ತಲೆ ತಗ್ಗಿಸಿಕೊಂಡು ಬಂದು ಕೇಳುತ್ತಿದ್ದರು, ಕೊಡುತ್ತಿದ್ದಳು. ಒಂದು ವರ್ಷ ಮಳೆ ಬೇಗ ಬರುವ ಲಕ್ಷಣ. ಒಂದು ವರ್ಷ ಉತ್ತರಪತ್ರಿಕೆ. ಒಂದು ವರ್ಷ ಉಡುಪಿಯ ಈಚೆಗಿನ ಹೊಳೆಯೊಂದು ಎರಡು ಭೂಪಟಗಳಲ್ಲಿ ಎರಡು ಕಡೆ ಹರಿಯುತ್ತಿತ್ತು. ಯಾವುದು ಸರಿ ಎಂದು ತಿಳಿಯದೆ ಹೊರಡುವುದು ಹೇಗೆ?

ಒಂಬತ್ತನೆಯ ಬೇಸಿಗೆ ಬಂತು. ಸಾವಿರದ ಒಂಬೈನೂರ ಮೂವತ್ತೊಂದು. ಆ ವರ್ಷ ಗಂಟು ಇಡಲು ಹೋದಾಗ ಇನ್ನಾಸಪ್ಪ ಚೈನು ಒರೆಸುತ್ತ, ತಲೆ ಎತ್ತದೆ ಹೇಳಿದ.

"ಮೇಷ್ಟ್ರೇ, ಈ ಸಲ ಹೋದ್ರೆ ಹೋದಂಗೆ. ಮುಂದಿನ ವರ್ಷ ನಾನಿಲ್ಲಿರಲ್ಲ."

"ಯಾಕಪ್ಪಾ, ಹಂಗಂತೀರಿ?"

"ಸಾಯಾಕೇನೂ ಹೋಗ್ತಿಲ್ಲ. ಕೋಲಾರದ ಗಣಿ ಹತ್ರ ಮಗಳವಳಲ್ಲ, ಅಲ್ಲಿಗೇ ಬಂದುಬುಡಿ ಅಂತಾವ್ಳೆ. ಶ್ರಾವಣದೊಳಗೆ ಅಂಗಡಿ ಬುಟ್ಟುಕೊಡ್ತೀನಿ. ಅಲ್ಲಿಂದ ಸಮುದ್ರ ನಂಗೆ ಇನ್ನೂ ದೂರ."

ನಂಜುಂಡಯ್ಯನವರು ಈ ಸಲ ಖಂಡಿತ ಎಂದರು. ಇನ್ನಾಸಪ್ಪ ಚೈನು ಒರೆಸುತ್ತಲೇ ಇದ್ದ. ಆ ಮಾತು ಅವನು ಎಂಟು ಸಲ ಕೇಳಿದ್ದ.

ಮೊದಲ ಮೂರು ದಿನ ಎಲ್ಲವೂ ಸರಿಯಿತ್ತು. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಕಟ್ಟಿದ್ದಾಯಿತು. ನಾಲ್ಕನೆಯ ದಿನ ಮೇಷ್ಟರಿಗೆ ಸಂಪಾಜೆಯ ಹತ್ತಿರ ದಾರಿ ಎಷ್ಟು ಕಡಿದಾಗಿದೆ ಎಂಬ ಅನುಮಾನ ಹುಟ್ಟಿತು. ಐದನೆಯ ದಿನ ಬೆಳಿಗ್ಗೆ, "ಮುಂದಿನ ವಾರ ಇನ್ನೊಂದು ಮುಹೂರ್ತ ಇರೋ ಹಾಗಿದೆ" ಎಂದು ಹೆಂಡತಿಯ ಮುಖ ನೋಡದೆ ಹೇಳಿ, ಗಂಟು ತರಲು ಹೊರಟರು.

ಸೂಸಮ್ಮ ಅಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದಳು. ಬೇಲಿಯ ಮೇಲೆ ಮೇಷ್ಟರ ವಲ್ಲಿ ಒಗೆದು ಹರವಿತ್ತು.

"ಏನಮ್ಮಾ, ಗಂಟು ಬಿಚ್ಚಿದೀಯಲ್ಲ?"

"ನಿನ್ನೆ ಅಕ್ಕಿ ಮುಗಿದುಹೋಗಿತ್ತು ಮೇಷ್ಟ್ರೇ. ಇವ್ರು ಹಗಲೆಲ್ಲ ನಿಮ್ಮ ಸೈಕಲ್ಲು ಉಜ್ಜಿ ಉಜ್ಜಿ ಹಸ್ಕೊಂಡು ಬಂದ್ರು. ನಿಮ್ಮಕ್ಕಿ ಗೂಡಲ್ಲಿ ಸುಮ್ನೆ ಕೂತಿತ್ತು. ಬೇಯಿಸಿಬುಟ್ಟೆ."

"ಬೇಯಿಸಿಬಿಟ್ಯಾ?"

"ಒಳ್ಳೆ ಅಕ್ಕಿ. ಕಲ್ಲೇ ಇರಲಿಲ್ಲ."

"ಅರಿಶಿನದ ಕೊಂಬು?"

ಸೂಸಮ್ಮ ಒಂದು ಗಳಿಗೆ ಹಿಂದೆಮುಂದೆ ನೋಡಿದಳು. "ಮೀನಿನ ಸಾರಿಗೆ ಕುಟ್ಟಿಹಾಕ್ದೆ. ಅಡಿಕೆ ಇವ್ರು ಹಾಕ್ಕೊಂಡ್ರು. ಅದಕ್ಕೇನಂತೆ, ಇಗೋ, ಸಂತೆಯಿಂದ ತಂದಿವ್ನಿ, ಸೇರಿಗೆ ಸೇರು ಅಳ್ದುಕೊಡ್ತೀನಿ, ತಗೊಂಡೋಗಿ."

ಮೇಷ್ಟರು ಅಲ್ಲೇ ಪಾತ್ರೆಗಳ ಪಕ್ಕದ ಕಲ್ಲಿನ ಮೇಲೆ ಕುಳಿತರು. ಅಳೆದುಕೊಡುವ ಅಕ್ಕಿ ಬೇರೆ ಅಕ್ಕಿ. ಅದು ಎಲ್ಲಿಗೂ ಹೊರಟಿರಲಿಲ್ಲ. ಹೊರಟ ಅಕ್ಕಿ ಇನ್ನಾಸಪ್ಪನ ಹೊಟ್ಟೆಯಲ್ಲಿ, ಮೀನಿನ ಜೊತೆಯಲ್ಲಿತ್ತು. ಅದನ್ನು ಮನೆಗೆ ತಂದು ಬಿಚ್ಚುವುದು ಹೇಗೆ?

ಹತ್ತು ಗಂಟೆಯ ಹೊತ್ತಿಗೆ ರಾಮಸ್ವಾಮಿ ಜೋಯಿಸರು ಮೇಷ್ಟರ ಮನೆಯ ಜಗಲಿಯ ಮೇಲೆ ಕುಳಿತಿದ್ದರು. ಒಂಬತ್ತು ವರ್ಷ ಈ ಪ್ರಯಾಣಕ್ಕೆ ಮುಹೂರ್ತ ತೆಗೆದುಕೊಟ್ಟವರು ಅವರೇ. ಬೀದಿಯವರೂ ಒಬ್ಬೊಬ್ಬರಾಗಿ, ಬೇರೆ ಕೆಲಸಕ್ಕೆ ಬಂದವರಂತೆ, ಸುತ್ತ ನಿಂತರು. ವೇದವತಿ ಬಾಗಿಲ ಹಿಂದೆ ನಿಂತಿದ್ದರು. ಜೋಯಿಸರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು.

"ಗಂಟು ಕಳೆದುಹೋದದ್ದು ಕೇಳಿದೀನಿ. ಇಲಿ ತಿಂದದ್ದೂ ಕೇಳಿದೀನಿ. ಜೊತೆಗೆ ಹೊರಡೋನೇ ತಿಂದದ್ದು ಇದೇ ಮೊದಲು" ಎಂದರು.

"ಅದಕ್ಕೆ ಪರಿಹಾರ?"

"ಪರಿಹಾರ ಏನು ಬಂತು ನಂಜುಂಡಯ್ಯ? ಗಂಟು ವಾಪಸ್ಸು ಬಂದ್ರೆ ತಾನೇ ಪ್ರಯಾಣ ರದ್ದು? ಅದು ಬರೋ ಹಾಗಿಲ್ಲ. ಅಲ್ಲಿಗೆ ನೀನು ಹೊರಟಾಯ್ತು. ಐದು ದಿನದಿಂದ ದಾರಿಯಲ್ಲಿದೀಯ."

"ನಾನಿಲ್ಲೇ ಕೂತಿದೀನಲ್ಲ, ಜೋಯಿಸರೇ."

"ಅದು ನಿನ್ನ ತಪ್ಪು."

ಶಾಂತಾದೇವಿಯವರು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಮನೆಗೆ ಓಡಿದರು. ಜೋಯಿಸರು ನಾಳೆ ಬೆಳಿಗ್ಗೆಗೆ ಐದು ದಿನ ತುಂಬುತ್ತದೆ, ಆ ಹೊತ್ತು ಮೀರಿಸಬೇಡ ಎಂದು ಹೇಳಿ ಎದ್ದರು. ವೇದವತಿ ಇದೆಲ್ಲವನ್ನೂ ಒಂದು ಅಕ್ಷರ ಬಿಡದೆ ಕೇಳಿಸಿಕೊಂಡಿದ್ದರು.

ಮಧ್ಯಾಹ್ನ ಮೇಷ್ಟರು ಕೈಕಾಲು ತೊಳೆದು ಊಟಕ್ಕೆ ಬಂದರೆ ಒಂದೇ ಎಲೆ ಹಾಕಿತ್ತು. ಅದರ ಮುಂದೆ ವೇದವತಿ ಕುಳಿತಿದ್ದರು.

"ನನ್ನೆಲೆ ಎಲ್ಲೇ?"

"ನೀವು ದಾರಿಯಲ್ಲಿದೀರಂತಲ್ಲ. ಹೊರಟವರಿಗೆ ಮನೇಲಿ ಎಲೆ ಹಾಕೋದುಂಟೇ? ಅವಲಕ್ಕಿ ಗಂಟು ಜಗಲಿ ಮೇಲಿಟ್ಟಿದೀನಿ ನೋಡಿ. ಯಾವ ಊರಿಗೆ ಬಂದಿದೀರೋ ಅಲ್ಲಿ ನೀರು ಸಿಕ್ಕುತ್ತೆ, ನೆನೆಸ್ಕೊಳ್ಳಿ."

"ತಮಾಷೆ ಮಾಡ್ಬೇಡ. ಸಂಪಾಜೆ ವಿಚಾರ ಇನ್ನೂ ತೀರ್ಮಾನ ಆಗಿಲ್ಲ. ಪಟ್ಟೀಲಿ..."

"ನಿಮ್ಮ ಪಟ್ಟೀಲಿ ಎಲ್ಲಾ ಇದೆ ಕಣ್ರೀ. ಕೊಂಬೆ ಕೂಡಾ ಇದೆ. ನೀವೊಬ್ರು ಇಲ್ಲ, ಅಷ್ಟೇ" ಎಂದು ಆಕೆ ಹುಳಿ ಕಲಸಿಕೊಂಡರು.

ಮೇಷ್ಟರು ಜಗಲಿಗೆ ಹೋಗಿ ಕುಳಿತು ಅವಲಕ್ಕಿ ತಿಂದರು. ಸಂಜೆಗೆ ಇನ್ನಾಸಪ್ಪ ಬಂದ. ಹೆಂಡತಿ ಮಾಡಿದ್ದು ತಪ್ಪಾಯಿತು ಎಂದು ಹೇಳಲು ಬಂದಿದ್ದ. ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತ.

"ಹೊಟ್ಟೆ ಹೆಂಗಿದೆ?" ಎಂದು ಮೇಷ್ಟರು ಕೇಳಿದರು.

"ಚೆನ್ನಾಗದೆ. ಒಳ್ಳೆ ಅಕ್ಕಿ."

ಮೇಷ್ಟರು ಅವಲಕ್ಕಿಯ ಗಂಟನ್ನು ಪಕ್ಕಕ್ಕೆ ಸರಿಸಿದರು. "ಇನ್ನಾಸಪ್ಪನೋರೇ, ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಸಮುದ್ರ ನೀಲಿ ಅಂತ ಹೇಳ್ಕೊಟ್ಟಿದೀನಿ. ಅಲೆ ಹಿಂಗೆ, ದಡ ಹಿಂಗೆ, ಬೆಟ್ಟದಿಂದ ಇಳಿದ ಕೂಡ್ಲೆ ಸೆಕೆ ಹಿಂಗೆ. ಎಲ್ಲಾ ಹೇಳಿದೀನಿ. ಹೋಗಿ ನೋಡಿದ್ರೆ ಹಂಗಿಲ್ದೇ ಇದ್ರೆ?"

ಈ ಮಾತನ್ನು ಅವರು ಒಂಬತ್ತು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಹೊರಡದ ತಪ್ಪನ್ನು ಮಳೆ, ಹೊಳೆ, ಕೊಂಬೆ ಎಲ್ಲದರ ಮೇಲೂ ಹಾಕಿದ್ದರು. ಇನ್ನಾಸಪ್ಪ ಕೈಯ ಎಣ್ಣೆಕಲೆಯನ್ನು ಕಾಲಿಗೆ ಒರೆಸಿಕೊಂಡ.

"ಹಂಗಿಲ್ದಿದ್ರೆ ಬರೋ ವರ್ಷದ ಮಕ್ಳಿಗೆ ಸರಿಯಾಗಿ ಹೇಳಿ. ನಿಮಗೆ ಬರೋ ವರ್ಷದ ಮಕ್ಳವರೆ. ನಂಗೆ ಬರೋ ವರ್ಷ ಇಲ್ಲ." ಎದ್ದು ನಿಂತ. "ಬೆಳಿಗ್ಗೆ ಐದಕ್ಕೆ ನಿಮ್ಮ ಸೈಕಲ್ಲು ಗೇಟಿನ ಹತ್ರ ತಂದಿಡ್ತೀನಿ. ಬರದೇ ಇದ್ರೆ ನಾನೊಬ್ನೇ ಹೋಗ್ತೀನಿ ಮೇಷ್ಟ್ರೇ. ಓದೋಕೆ ಬರಲ್ಲ ನಂಗೆ, ಕೈಕಂಬ ಇದ್ದಲ್ಲಿ ಯಾರನ್ನಾದ್ರೂ ಕೇಳ್ಕೊಳ್ತೀನಿ."

ಮೇಷ್ಟರಿಗೆ ಆ ಕೊನೆಯ ಮಾತು ಚುಚ್ಚಿತು. ಆ ದಾರಿಯ ಕೈಕಂಬಗಳ ಮೇಲೆ ಯಾವ ಯಾವ ಊರಿನ ಹೆಸರಿರುತ್ತದೆ ಎಂದು ಭೂಪಟ ನೋಡಿಯೇ ಬಾಯಿಪಾಠ ಮಾಡಿಕೊಂಡವರು ತಾವು. ಇನ್ನಾಸಪ್ಪ ದಾರಿಹೋಕರನ್ನು ಕೇಳಿಕೊಂಡು ಹೋಗಬೇಕೇ?

ಬೆಳಿಗ್ಗೆ ಐದಕ್ಕೆ ಬೈಸಿಕಲ್ಲು ಬಂದು ನಿಂತಿತ್ತು. ಮೇಷ್ಟರು ಕಚ್ಚೆ ಬಿಗಿಯಾಗಿ ಕಟ್ಟಿ, ಕೋಟು ಹಾಕಿ, ರುಮಾಲು ಸುತ್ತಿ, ಏರಿ ಹೊರಟರು. ಬೀದಿಯ ನಡುವಿನವರೆಗೆ ಹೋಗಿ ತಿರುಗಿ ಬಂದರು. ಕೊಡೆ ಮರೆತಿತ್ತು. ವೇದವತಿ ಗೇಟು ತೆಗೆಯದೆ, ಮೇಲಿಂದಲೇ ಕೊಡೆ ಕೊಟ್ಟರು. ಎರಡನೆಯ ಸಲ ಇನ್ನಾಸಪ್ಪನ ಮನೆಯವರೆಗೂ ಹೋದರು. ಸೂಸಮ್ಮ ಆಗಲೇ ಗಂಡನಿಗೆ ಶಿಲುಬೆ ಗುರುತು ಹಾಕಿ ಕಳಿಸುತ್ತಿದ್ದಳು, ಅಭ್ಯಾಸದಲ್ಲಿ ಮೇಷ್ಟರ ಹಣೆಗೂ ಹಾಕಿಬಿಟ್ಟಳು. ಅಲ್ಲಿಂದ ತಿರುಗಿ ಬಂದದ್ದು ಕನ್ನಡಕದ ಡಬ್ಬಿಗೆ. ಅದೂ ಗೇಟಿನ ಮೇಲಿಂದಲೇ ಬಂತು.

ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು. ಒಬ್ಬರೂ ಕೆಮ್ಮಲಿಲ್ಲ.

ಮೂರನೆಯ ಸಲ ಹುಣಸೂರು ರಸ್ತೆಯ ತಿರುವಿನವರೆಗೆ ಹೋದ ಮೇಷ್ಟರು ಮತ್ತೆ ಬಂದರು. ಒಂದು ಕಾಲು ನೆಲಕ್ಕೆ ಊರಿ ಗೇಟಿನ ಹೊರಗೇ ನಿಂತರು. ವೇದವತಿ ಸೊಂಟದ ಮೇಲೆ ಕೈ ಇಟ್ಟುಕೊಂಡರು.

"ಇನ್ನೇನು ಮರೆತಿರಿ?"

"ಏನಿಲ್ಲ. ನಿಂಗೇನು ತರ್ಲಿ ಅಂತ ಕೇಳಲೇ ಇಲ್ಲ ನಾನು. ಇಷ್ಟು ವರ್ಷ."

ವೇದವತಿ ಗೇಟಿನ ಮೇಲೆ ಕೈ ಚಾಚಿ ಅವರ ರುಮಾಲಿನ ಓರೆಯನ್ನು ಸರಿ ಮಾಡಿದರು.

"ಏನೂ ಬೇಡ. ಬೇಗ ಬರ್ಬೇಡಿ, ಅಷ್ಟೇ."

ಮೇಷ್ಟರು ತಲೆಯಾಡಿಸಿ, ಪೆಡಲ್ಲಿನ ಮೇಲೆ ಕಾಲಿಟ್ಟರು. ತಿರುವಿನಲ್ಲಿ ಇನ್ನಾಸಪ್ಪ ಮುಂದೆ ಮುಂದೆ ಹೋಗುತ್ತಿದ್ದ, ಕಾಯುತ್ತಿರಲಿಲ್ಲ. ಅವನನ್ನು ಹಿಡಿಯಬೇಕೆಂದು ಮೇಷ್ಟರು ಸೀಟಿನಿಂದ ಎದ್ದು ನಿಂತು, ಕೋಟಿನ ಬಾಲ ಹಾರಿಸಿಕೊಂಡು, ಜೋರಾಗಿ ತುಳಿಯುತ್ತ ಹೋದರು.