ಮಯೂರನ ಎದೆಬಡಿತ

ನನ್ನ ಹೆಂಡತಿ ಲತಾಮಣಿ ಜೀವಕೋಶ ಸಾಕುತ್ತಾಳೆ. ಬನಶಂಕರಿಯ ಲ್ಯಾಬೊಂದರಲ್ಲಿ ರೋಗಿಗಳ ಚರ್ಮದ ಚೂರಿನಿಂದ, ಯಾವ ಅಂಗದ ಕೋಶವಾಗಿಯೂ ಬೆಳೆಯಬಲ್ಲ ಕಾಂಡಕೋಶ ಮಾಡಿ, ಅದನ್ನು ಹೃದಯದ ಕೋಶವಾಗಿ ಬೆಳೆಸುವುದು ಅವಳ ಕೆಲಸ. ಅವಕ್ಕೆ ಹಬ್ಬವಿಲ್ಲ, ಭಾನುವಾರವಿಲ್ಲ, ದಿನಾ ಊಟ ಬದಲಿಸಬೇಕು. ಗೌರಿ ಹಬ್ಬದಲ್ಲಿ ಬಾಗಿನ ಕೊಟ್ಟವಳೇ ಆಟೋ ಹತ್ತಿದಳು. ನನಗೆ ಆರಿದ ಹೋಳಿಗೆ, ಅವಕ್ಕೆ ಬೆಚ್ಚಗಿನ ಊಟ. ನನ್ನ ಹಣೆಬರಹ!

ಕಳೆದ ವರ್ಷ ಅವಳು ಬೆಳೆಸುತ್ತಿದ್ದದ್ದು ಪುಟ್ಟೇನಹಳ್ಳಿಯ ಕಮಲಾದೇವಿಯವರ ಮಗ ಮಯೂರನ ಕೋಶಗಳನ್ನು. ತಾಳ ತಪ್ಪುವ ಹೃದಯ, ವಂಶದಲ್ಲೇ ಬಂದದ್ದು. ಅದಕ್ಕೆ ಔಷಧಿ ಹುಡುಕಲೆಂದೇ ಈ ಕೋಶಗಳು. ಚರ್ಮ ಕೊಟ್ಟು ಹೋದ ಹುಡುಗ ಉಳಿಯಲಿಲ್ಲ. ತಂಗಿ ಧೃತಿಗೂ ಅದೇ ಕಾಯಿಲೆ. ಯಾವ ಔಷಧಿ ಅವಳಿಗೆ ಹಿಡಿಸುತ್ತದೆಂದು ನೋಡಲು ಅವಳ ಚರ್ಮವೂ ಬೇಕಿತ್ತು. ಒಬ್ಬನದ್ದು ಕೊಟ್ಟಿದ್ದೇ ಸಾಕು ಎಂದು ತಾಯಿ ಒಪ್ಪಲಿಲ್ಲ.

ಆಯುಧಪೂಜೆ ಬಂತು. ಸ್ಟೋರ್ ನೋಡಿಕೊಳ್ಳುವ ದೀಪಕ್ ಮಹಾ ಭಕ್ತ. ಮೆಷಿನ್ನುಗಳಿಗೆಲ್ಲ ಅರಿಶಿನ ಕುಂಕುಮ ಇಟ್ಟ. ಅಷ್ಟಕ್ಕೇ ಬಿಡಬಾರದಿತ್ತೇ? ಕೋಶಗಳಿಗೂ ದೇವರ ಆಶೀರ್ವಾದ ಸಿಗಲೆಂದು ಅವನ್ನು ಇಟ್ಟಿದ್ದ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆಗೆದು, ಒಳಗೊಂದು ಸೇವಂತಿಗೆ ಇಟ್ಟುಬಂದ. ವಾರದೊಳಗೆ ತಟ್ಟೆಗಳ ತುಂಬಾ ಬೂಷ್ಟು. ತಿಂಗಳುಗಳ ಕೆಲಸ ನೀರುಪಾಲು. ಅವನ ಸಪ್ಪೆ ಮುಖ ನೋಡಿ ಇವಳು ಬೈಯಲಿಲ್ಲ, ಬೈಗುಳವೆಲ್ಲ ಮನೆಗೆ ಬಂದು ನನಗೆ.

ಉಳಿದಿದ್ದು ಅವನ ಕೋಶಗಳನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದ ಒಂದೇ ಸೀಸೆ. ಅದೂ ಕೆಟ್ಟರೆ ಮತ್ತೆ ಚರ್ಮ ಕೊಡಲು ಮಯೂರನಿಲ್ಲ.

"ಬದುಕುತ್ತೆ ರೀ. ನನ್ನ ಕೈ ನಂಗೊತ್ತು," ಎಂದಳು. ಬದುಕಿಸಿಯೂ ಬಿಟ್ಟಳು. ಯುಗಾದಿ ಹೊತ್ತಿಗೆ ತಟ್ಟೆಯಲ್ಲಿ ಕೋಶಗಳು ಮಿಡಿಯತೊಡಗಿದವು. ನನಗೆ ಹೆಮ್ಮೆಯಾಯಿತು, ಅವಳ ಮುಂದೆ ಹೇಳಲಿಲ್ಲ ಅಷ್ಟೆ.

ಕಮಲಾದೇವಿ ಮಗಳನ್ನು ಕರೆದುಕೊಂಡು ನೋಡಲು ಬಂದ ದಿನ, ಊಟದ ಕ್ಯಾರಿಯರ್ ಕೊಡಲು ಹೋಗಿದ್ದ ನಾನೂ ಅಲ್ಲಿದ್ದೆ. ತಟ್ಟೆಯಲ್ಲಿ ಗೆದ್ದ ಔಷಧಿ ಮೈಯಲ್ಲಿ ಸೋಲಬಹುದು, ಇನ್ನೂ ವರ್ಷಗಳು ಬೇಕು ಎಂದು ಇವಳು ಮೊದಲೇ ಹೇಳಿಬಿಟ್ಟಳು. ಸುಳ್ಳು ಭರವಸೆ ಅವಳಿಗೆ ಆಗದು. ಕಮಲಾದೇವಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಒಂದೆರಡು ಮಿಡಿತ, ಒಂದು ತಡವರಿಕೆ, ಮತ್ತೆ ಗಡಿಬಿಡಿ.

"ಅವನ ಎದೆ ಮೇಲೆ ಕೈ ಇಟ್ರೆ ಹೀಗೇ ಇರ್ತಿತ್ತು," ಎಂದರು ಮೆಲ್ಲಗೆ.

ಲತಾಮಣಿ ತಾನು ಪರೀಕ್ಷಿಸುತ್ತಿದ್ದ ಔಷಧಿಯ ಹನಿಯನ್ನು ತಟ್ಟೆಗೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ಮಿಡಿತ ಒಂದೇ ಸಮನಾಯಿತು. ತಾಯಿ ಬಹಳ ಹೊತ್ತು ತಲೆಯೆತ್ತಲಿಲ್ಲ. ಆಮೇಲೆ ಧೃತಿಯನ್ನು ಹತ್ತಿರ ಎಳೆದುಕೊಂಡು, ಅವಳ ತೋಳಿನ ಬಟ್ಟೆಯನ್ನು ತಾವೇ ಮೇಲಕ್ಕೆ ಮಡಚಿದರು.

"ಇವಳದ್ದೂ ತಗೊಳ್ಳಿ ಮೇಡಂ."